ಎಷ್ಟು ಚದರ ಸಾಕು?

ಹಾಸನಕ್ಕೆ ಬಡವರ ಊಟಿ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸಾವಿರ ಮೀಟರಿಗೆ ಸಮೀಪದ ಎತ್ತರ, ಏಪ್ರಿಲ್ ತಿಂಗಳಲ್ಲೂ ಹೊತ್ತು ಮುಳುಗಿದ ಮೇಲೆ ಬೀಸುವ ತಂಗಾಳಿ. ದುದ್ದ ಹೋಬಳಿಯಂಥ ಕಡೆ ಮನೆಯೆಂಬುದು ಮಳೆ ತಡೆದು, ಮಧ್ಯಾಹ್ನದ ಬಿಸಿಲಿಗೆ ಮರೆಯಾಗಿ, ಗಾಳಿಗೆ ದಾರಿ ಬಿಟ್ಟರೆ ಸಾಕು. ಉಳಿದದ್ದನ್ನು ಹವೆಯೇ ನೋಡಿಕೊಳ್ಳುತ್ತದೆ. ಆದರೂ ಹೆಂಚು ಇಳಿಸಿ ಮೋಲ್ಡ್ ಹಾಕಿಸಿದ ಮನೆಗಳಲ್ಲಿ ರಾತ್ರಿ ಒಂಬತ್ತಾದರೂ ಫ್ಯಾನು ನಿಲ್ಲುವುದಿಲ್ಲ. ನಾಲ್ಕೈದು ಇಂಚು ದಪ್ಪದ ಕಾಂಕ್ರೀಟು ಹಗಲೆಲ್ಲ ಕುಡಿದ ಬಿಸಿಲನ್ನು ಊಟದ ಹೊತ್ತಿಗೆ ಕೆಳಗೆ ಬಿಡತೊಡಗುತ್ತದೆ. ಜಗಲಿಯಲ್ಲಿ ತಂಪು, ಒಳಮನೆಯಲ್ಲಿ ಸೆಖೆ. ಇದಕ್ಕೆ ಬೇಸತ್ತ ಕೆಲವರು ನಮ್ಮ ರಾಜ್ಯದಲ್ಲಿ ಬೇರೆ ದಾರಿ ಹಿಡಿದಿದ್ದಾರೆ. ಸೈಟಿನ ಮಣ್ಣಿನಲ್ಲೇ ಇಟ್ಟಿಗೆ ಒತ್ತಿಸುತ್ತಾರೆ, ತಾರಸಿಯ ಕಾಂಕ್ರೀಟಿನ ನಡುವೆ ಹೆಂಚು ತುಂಬಿಸುತ್ತಾರೆ, ಮಳೆನೀರನ್ನು ತೊಟ್ಟಿಗೆ ಹರಿಸುತ್ತಾರೆ, ಸೋಲಾರ್ ಕೂರಿಸುತ್ತಾರೆ, ಕಂಟ್ರಾಕ್ಟರಿಗೆ ಒಪ್ಪಿಸದೆ ತಾವೇ ಮೇಸ್ತ್ರಿಯ ಜೊತೆ ನಿಂತು ಗೋಡೆ ಎಬ್ಬಿಸುತ್ತಾರೆ. ಇಂಥ ಮನೆಯ ಸುತ್ತ ಪುಣ್ಯದ ಮಾತೂ ಹುಟ್ಟಿಕೊಂಡಿದೆ: ಇದು ಬರೀ ಉಳಿತಾಯವಲ್ಲ, ಭೂಮಿಗೆ ಸಲ್ಲಿಸುವ ಋಣ ಎಂಬ ಮಾತು. ಆ ಮಾತು ನಿಜವೇ? ಕಡಿಮೆ ಕರೆಂಟು ಉರಿಸುವ ಮನೆ, ಅಷ್ಟರಿಂದಲೇ, ಧರ್ಮದ ಮನೆಯಾಗುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಇದೇ ಜಿಲ್ಲೆಯ ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಶ್ರವಣಬೆಳಗೊಳವಿದೆ. ಮನೆಯೇ ಬೇಡವೆಂದು ಹೊರಟ ಮುನಿಗಳ ಪರಂಪರೆ ಅಲ್ಲಿ ಸಾವಿರ ವರ್ಷಕ್ಕೂ ಮೀರಿದ್ದು. ಮುನಿಗಳ ದಾರಿ ಎಲ್ಲರದಲ್ಲ ಎಂಬುದು ಅವರಿಗೂ ಗೊತ್ತಿತ್ತು. ಅದಕ್ಕೇ ಜೈನರು ಗೃಹಸ್ಥನಿಗೆಂದು ಬೇರೆ ಅಣುವ್ರತಗಳನ್ನು ಇಟ್ಟರು. ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅಪರಿಗ್ರಹವ್ರತವನ್ನು, ಅಂದರೆ ಮಿತಿಮೀರಿ ಕೂಡಿಡದ ವ್ರತವನ್ನು, ಮೀರುವ ಬಗೆಗಳನ್ನು ಪಟ್ಟಿ ಮಾಡುವಾಗ ಬೆಳ್ಳಿಬಂಗಾರ, ದನಧಾನ್ಯಗಳಿಗಿಂತ ಮೊದಲು ಹೆಸರಿಸುವುದು ಹೊಲವನ್ನೂ ಮನೆಯನ್ನೂ: ತಾನೇ ಹಾಕಿಕೊಂಡ ಪರಿಮಾಣವನ್ನು ಕ್ಷೇತ್ರದಲ್ಲಿ, ವಾಸ್ತುವಿನಲ್ಲಿ ಮೀರುವುದು ದೋಷ. ಅಲ್ಲಿ ವಾಸ್ತು ಎಂದರೆ ಅಡುಗೆಮನೆ ಆಗ್ನೇಯದಲ್ಲಿದೆಯೇ ಎಂಬ ವಿಚಾರವಲ್ಲ, ಮನೆ ಎಷ್ಟಿದೆ ಎಂಬ ವಿಚಾರ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಮುಂದೆ ಹೋಗಿ, ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಿಡ ಕಡಿಯುವುದು ಇವೆಲ್ಲವನ್ನೂ ಪ್ರಮಾದದ ನಡತೆ ಎಂದು ಕರೆಯುತ್ತದೆ. ಮನೆ ಹಿಂಸೆಯ ಜಾಗ ಎಂಬ ಅರಿವು ಜೈನರೊಬ್ಬರದೇ ಅಲ್ಲ. ಒಲೆ, ಬೀಸುಕಲ್ಲು, ಪೊರಕೆ, ಒನಕೆ, ನೀರಿನ ಕೊಡ ಈ ಐದನ್ನೂ ಮನುಸ್ಮೃತಿ ಗೃಹಸ್ಥನ ಕಸಾಯಿಖಾನೆಗಳೆಂದೇ ಎಣಿಸುತ್ತದೆ. ಆದರೆ ಅದು ಹೇಳುವ ಪರಿಹಾರ ಪ್ರಾಯಶ್ಚಿತ್ತದ್ದು: ದಿನಕ್ಕೆ ಐದು ಯಜ್ಞ ಮಾಡಿ ತೀರಿಸಿಕೊ. ಜೈನರದು ಮಿತಿಯ ಪರಿಹಾರ. ನಮ್ಮ ಕಾಲದ ಸೋಲಾರ್ ಮನೆಯ ಪುಣ್ಯದ ಮಾತು ಇವೆರಡರಲ್ಲಿ ಯಾವುದರ ಹತ್ತಿರವಿದೆ ಎಂದು ನೋಡಿದರೆ, ನನಗೆ ಅದು ಪ್ರಾಯಶ್ಚಿತ್ತದ ಸಾಲಿನಲ್ಲೇ ಕೂತಂತೆ ಕಾಣುತ್ತದೆ. ತಾರಸಿಯ ಮೇಲೆ ನಾಲ್ಕು ಪ್ಯಾನೆಲ್ ಕೂರಿಸಿದರೆ ಕೆಳಗಿನದ್ದೆಲ್ಲ ತೀರಿತು ಎಂಬ ಸಮಾಧಾನ.

ತಾವೇ ಕಟ್ಟುವವರ ಪರವಾಗಿ ಒಂದು ಗಟ್ಟಿ ಮಾತಿದೆ, ಅದನ್ನು ಮೊದಲು ಒಪ್ಪಬೇಕು. ಜೈನ ನೀತಿಯಲ್ಲಿ ಹಿಂಸೆಗೆ ಮೂರು ಬಾಗಿಲು: ತಾನು ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಕೃತ, ಕಾರಿತ, ಅನುಮತ. ಮೂರರ ಲೆಕ್ಕವೂ ಕರ್ತನ ತಲೆಗೇ. ಸೆಸ್ಕ್‌ನ ಮೀಟರು ಓದುವುದು ಮೊದಲನೆಯದನ್ನು ಮಾತ್ರ. ಇಟ್ಟಿಗೆ ಗೂಡಿನಲ್ಲಿ ಉರಿದ ಸೌದೆ, ಸಿಮೆಂಟ್ ಕಾರ್ಖಾನೆಯ ಕುಲುಮೆ, ಕಂಬಿ ಕರಗಿಸಿದ ಕಲ್ಲಿದ್ದಲು ಇವೆಲ್ಲ ಗೃಹಪ್ರವೇಶಕ್ಕೆ ಮುಂಚೆಯೇ ಮುಗಿದ ಕಾರಿತ ಹಿಂಸೆ. ಅದರ ಬಿಲ್ಲು ಮನೆಗೆ ಬರುವುದೇ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ ಹುಟ್ಟಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಬಳಗವನ್ನು ನಮ್ಮ ಹಳ್ಳಿಗಳು ಅಸ್ತ್ರ ಒಲೆಯಿಂದ ಬಲ್ಲವು. ಅದೇ ಬಳಗದ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಈ ಕಾಣದ ಬಿಲ್ಲನ್ನು ಬರೆದು ತೋರಿಸಿದರು. ಸುಟ್ಟ ಇಟ್ಟಿಗೆಯ ಒಂದು ಘನ ಮೀಟರ್ ಗೋಡೆಗೆ 2,141 ಮೆಗಾಜೂಲ್ ಶಕ್ತಿ ಹಿಡಿದರೆ, ಶೇಕಡ ಆರರಷ್ಟು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯ ಗೋಡೆಗೆ 646. ಇಡೀ ಮನೆಯ ಲೆಕ್ಕದಲ್ಲಿ, ಸುಟ್ಟ ಇಟ್ಟಿಗೆಯ ಗೋಡೆ, ಕಾಂಕ್ರೀಟ್ ತಾರಸಿಯ ಎರಡಂತಸ್ತಿನ ಮನೆಗೆ ಚದರ ಮೀಟರಿಗೆ 2.92 ಗಿಗಾಜೂಲ್, ಮಣ್ಣಿನ ಇಟ್ಟಿಗೆಯ ಗೋಡೆ, ನಡುವೆ ಬೇರೆ ಸಾಮಗ್ರಿ ತುಂಬಿದ ತಾರಸಿಯ ಮನೆಗೆ 1.61. ತಾವೇ ನಿಂತು ಕಟ್ಟುವವರ ಕಣ್ಣಿಗೆ ಈ ಕಾರಿತ ಬೀಳುತ್ತದೆ. ಜರಡಿ ಹಿಡಿದ ಮಣ್ಣನ್ನು ಯಂತ್ರದ ಅಚ್ಚಿಗೆ ಸುರಿದು, ಹಿಡಿಕೆಗೆ ಮೈಭಾರ ಬಿಟ್ಟು ಎಳೆದು, ಹಸಿ ಇಟ್ಟಿಗೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ನೆರಳಿಗೆ ಒಯ್ದು, ಗೋಣಿತಾಟು ಹೊದಿಸಿ, ವಾರಗಟ್ಟಲೆ ನೀರು ಚಿಮುಕಿಸಿದವರಿಗೆ ಒಂದು ಗೋಡೆಯ ಬೆಲೆ ಮೈಯಿಂದಲೇ ತಿಳಿಯುತ್ತದೆ. ಇದು ಕಡಿಮೆ ಮಾತಲ್ಲ.

ಆದರೆ ಆ ಅಂಕಿಗಳನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ಯೋಣ. ಒಬ್ಬರು 12 ಚದರದ (ಚದರವೆಂದರೆ ನೂರು ಚದರಡಿ) ಸಾಮಾನ್ಯ ಇಟ್ಟಿಗೆ ಮನೆ ಕಟ್ಟುತ್ತಾರೆ, ಇನ್ನೊಬ್ಬರು 25 ಚದರದ ಮಣ್ಣಿನ ಮನೆ. ಮೊದಲನೆಯದಕ್ಕೆ ಸುಮಾರು 325 ಗಿಗಾಜೂಲ್, ಅಂದರೆ ಹೆಚ್ಚುಕಡಿಮೆ 500 ಗ್ಯಾಸ್ ಸಿಲಿಂಡರಿನ ಉರುವಲು. ಎರಡನೆಯದಕ್ಕೆ 374 ಗಿಗಾಜೂಲ್, 570 ಸಿಲಿಂಡರಿಗೂ ಮೇಲೆ. ಪತ್ರಿಕೆಗಳಲ್ಲಿ ಫೋಟೊ ಬರುವುದು ಎರಡನೆಯ ಮನೆಯದು. ಮಣ್ಣಿನ ಮನೆಯ ಇಡೀ ಹೆಚ್ಚುಗಾರಿಕೆ, ಅಳತೆ ಒಂದೂ ಮುಕ್ಕಾಲು ಪಟ್ಟನ್ನು ಸ್ವಲ್ಪ ದಾಟುವ ಹೊತ್ತಿಗೆಲ್ಲ ಕರಗಿಹೋಗುತ್ತದೆ. ನಮ್ಮ ಸರ್ಕಾರಿ ಅಳತೆಗೋಲುಗಳೂ ಈ ವಿಚಾರದಲ್ಲಿ ಕುರುಡು. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ತಂದ ಇಕೊ ನಿವಾಸ್ ಸಂಹಿತೆ ಗೋಡೆಯ ಪ್ರತಿ ಚದರ ಮೀಟರಿನಿಂದ ಎಷ್ಟು ಶಾಖ ಒಳಬರುತ್ತದೆ ಎಂದು ಕೇಳುತ್ತದೆ, ಅದಕ್ಕೊಂದು ಮೇಲ್ಮಿತಿ ಹಾಕುತ್ತದೆ. ಒಟ್ಟು ಎಷ್ಟು ಗೋಡೆ ಎಂದು ಕೇಳುವುದಿಲ್ಲ. ದರ ನೋಡುತ್ತದೆ, ಮೊತ್ತ ಬಿಡುತ್ತದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ಇದರ ಫಲವನ್ನು ಗುರುತಿಸಿದ್ದ: ಉಗಿಯಂತ್ರ ಕಡಿಮೆ ಕಲ್ಲಿದ್ದಲಲ್ಲಿ ಓಡತೊಡಗಿದ ಮೇಲೆ ದೇಶದ ಕಲ್ಲಿದ್ದಲ ಖರ್ಚು ಇಳಿಯಲಿಲ್ಲ, ಏರಿತು. ಅಗ್ಗವಾದದ್ದನ್ನು ನಾವು ಹೆಚ್ಚು ಬಳಸುತ್ತೇವೆ. ಸೋಲಾರ್ ನೀರು ಬಂತೆಂದು ಮನೆಗೆ ಎರಡನೆಯ ಬಚ್ಚಲು, ಮೂರನೆಯ ಬಚ್ಚಲು ಬಂದದ್ದು ಇದೇ ಕತೆ. ನೀರೊಲೆಯಲ್ಲಿ ತೆಂಗಿನ ಮಟ್ಟೆ ಉರಿಸಿ ಹಂಡೆ ಕಾಯಿಸುತ್ತಿದ್ದಾಗ, ಹಂಡೆ ಖಾಲಿಯಾಯಿತೆಂದರೆ ಸ್ನಾನ ಮುಗಿಯಿತು. ಅಲ್ಲಿ ಮಿತಿ ಹಂಡೆಯಲ್ಲೇ ಇತ್ತು. (ಹೊಗೆ ಕುಡಿದ ಹೆಂಗಸರು ಆ ದಿನಗಳಿಗೆ ಮರಳಲಿ ಎಂದು ನಾನು ಹೇಳುತ್ತಿಲ್ಲ.)

ಇಲ್ಲಿ ಯುರೋಪಿನ ಮಾದರಿಯನ್ನು ಎತ್ತಿಕೊಂಡು ಬರುವವರಿಗೊಂದು ಉತ್ತರ ಹೇಳಬೇಕು. 1991ರಲ್ಲಿ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಕಟ್ಟಿದ ಪ್ಯಾಸಿವ್ ಹೌಸ್ ದಪ್ಪ ಶಾಖನಿರೋಧಕ ಹೊದಿಕೆಯಿಂದ ಮನೆ ಬೆಚ್ಚಗಿಡುವ ಖರ್ಚನ್ನು ಬಹುಪಾಲು ಇಳಿಸಿತು. ಅಲ್ಲಿನ ಚಳಿಗೆ ಅದು ನ್ಯಾಯ. ನಮ್ಮ ಬಡವರ ಊಟಿಯಲ್ಲಿ ಮನೆ ಕಾಯಿಸುವುದೂ ಇಲ್ಲ, ತಣಿಸುವ ಅಗತ್ಯವೂ ಅಷ್ಟಾಗಿ ಇಲ್ಲ. ಹಾಗಾಗಿ ಇಲ್ಲಿ ಮನೆ ಕಾಯಿಸಲು, ತಣಿಸಲು ಹಿಡಿಯುವ ಶಕ್ತಿಗಿಂತ ಕಟ್ಟುವ ಶಕ್ತಿಯೇ ಲೆಕ್ಕದಲ್ಲಿ ಭಾರವಾಗಿ ತೂಗುತ್ತದೆ. ಕಟ್ಟುವ ಶಕ್ತಿಯನ್ನು ನಿರ್ಧರಿಸುವ ಮೊದಲ ಸಂಗತಿ ಮನೆ ಎಷ್ಟು ದೊಡ್ಡದು ಎಂಬುದು. ಕರೆಂಟಿನ ಬೆಲೆಯ ಭಯವಾದರೂ ಬಳಕೆಗೆ ಮಿತಿ ಹಾಕೀತೇ ಎಂದರೆ, 2023ರಿಂದ ಗೃಹಜ್ಯೋತಿ ಬಂದು ಅನೇಕ ಮನೆಗಳಿಗೆ ಬಿಲ್ಲು ಸೊನ್ನೆ. ತಮಾಷೆಯೆಂದರೆ, ಆ ಯೋಜನೆ ಶುರುವಾದಾಗ ಅದರೊಳಗೆ ಒಂದು ಪರಿಮಾಣವಿತ್ತು: ನಿಮ್ಮದೇ ಹಳೆಯ ಬಳಕೆಯ ಸರಾಸರಿ, ಅದರ ಮೇಲೆ ಶೇಕಡ ಹತ್ತು, ಒಟ್ಟು 200 ಯೂನಿಟ್‌ಗೆ ಮೀರದಂತೆ. ಹಿಂದೆ ಹೆಚ್ಚು ಉರಿಸಿದವರಿಗೆ ಹೆಚ್ಚು ಪುಕ್ಕಟೆ! ವ್ರತವನ್ನು ತಲೆಕೆಳಗು ಮಾಡಿದರೆ ಹೀಗೇ ಇರುತ್ತದೇನೋ.

ಶಾಸ್ತ್ರ ಬಲ್ಲವರು ಎತ್ತುವ ಆಕ್ಷೇಪ ಇದಕ್ಕಿಂತ ಸೂಕ್ಷ್ಮವಾದದ್ದು. ಅದೇ ತತ್ತ್ವಾರ್ಥಸೂತ್ರ ಪರಿಗ್ರಹವೆಂದರೆ ಮೂರ್ಛೆ, ಅಂದರೆ ಮಮಕಾರ, ಎಂದು ಹೇಳುತ್ತದಲ್ಲ? ಬಂಧ ಇರುವುದು ವಸ್ತುವಿನಲ್ಲಲ್ಲ, ಮನಸ್ಸಿನಲ್ಲಿ. ಹಾಗಿದ್ದರೆ ಮಮತೆಯಿಲ್ಲದೆ ಇಪ್ಪತ್ತೈದು ಚದರದಲ್ಲಿ ಬಾಳುವವನು ಅಪರಿಗ್ರಹಿ, ಗುಡಿಸಲಿಗೆ ಅಂಟಿಕೊಂಡವನು ಪರಿಗ್ರಹಿ. ತರ್ಕ ಸರಿ. ಆದರೆ ಮೂರ್ಛೆಯ ಮಾತು ಹೇಳಿದ ಗ್ರಂಥವೇ ಅದೇ ಅಧ್ಯಾಯದಲ್ಲಿ ಹೊಲಮನೆಯ ಪರಿಮಾಣದ ಮಾತನ್ನೂ ಹೇಳಿತು. ಏಕೆ? ಮಮತೆಯನ್ನು ಅಳೆಯುವ ಪಟ್ಟಿ ಯಾರ ಬಳಿಯೂ ಇಲ್ಲ. ಅದರ ವಿಷಯದಲ್ಲಿ ಮನುಷ್ಯ ತನಗೇ ಸುಳ್ಳು ಹೇಳಿಕೊಳ್ಳಬಲ್ಲ. ನೆಲವನ್ನು ಅಳೆಯಬಹುದು. ಅಲ್ಲದೆ ಮನೆಯೊಡೆಯನ ನಿರ್ಲಿಪ್ತತೆಯಿಂದ ಇಟ್ಟಿಗೆ ಗೂಡಿಗೆ ಒಂದು ತುಂಡು ಸೌದೆಯೂ ಕಡಿಮೆಯಾಗುವುದಿಲ್ಲ. ಬಂಧ ಮನಸ್ಸಿನದು, ಹಿಂಸೆ ನೆಲದ್ದು. ಗೃಹಸ್ಥ ಎರಡಕ್ಕೂ ಉತ್ತರ ಹೇಳಬೇಕು.

ಇನ್ನೊಂದು ಆಕ್ಷೇಪ ನ್ಯಾಯದ್ದು, ಅದರ ತೂಕ ಹೆಚ್ಚು. ಶೀಟಿನ ಕೆಳಗೆ ಬೇಯುವವರಿಗೆ ಮಿತಿಯ ಉಪದೇಶವೇ? ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ ಗೊತ್ತುಮಾಡಿದ ಕನಿಷ್ಠ ಅಳತೆ 25 ಚದರ ಮೀಟರ್, ಅಡುಗೆ ಜಾಗವೂ ಸೇರಿ. ನಮ್ಮ ಮಾತಿನಲ್ಲಿ ಮೂರು ಚದರಕ್ಕೂ ಕಡಿಮೆ. ಅಲ್ಲಿ ಬಾಳುವ ಸಂಸಾರಕ್ಕೆ ಅಪರಿಗ್ರಹ ಬೋಧಿಸುವುದು ಅಸಹ್ಯ. ವ್ರತದ ಸ್ವರೂಪವೇ ಆ ಬೋಧನೆಯನ್ನು ತಡೆಯುತ್ತದೆ: ಅದು ತಾನಾಗಿ ಹಾಕಿಕೊಳ್ಳುವಂಥದ್ದು, ಇನ್ನೊಬ್ಬರ ಮೇಲೆ ಹೇರುವಂಥದ್ದಲ್ಲ, ಮೀರಲು ಶಕ್ತಿಯಿಲ್ಲದವನಿಗೆ ಮೀರದಿರುವ ವ್ರತಕ್ಕೆ ಅರ್ಥವೂ ಇಲ್ಲ. ಬೇಸಾಯಗಾರನ ಮನೆಯೂ ಬೇರೆ ಲೆಕ್ಕ. ಹಾಸನದ ಆಲೂಗಡ್ಡೆ ಸೀಮೆಯಲ್ಲಿ ಪಂಜಾಬಿನ ಬಿತ್ತನೆ ಗಡ್ಡೆ ಶೀತಲಗೃಹದಿಂದ ಹೊರಬಂದ ಮೇಲೆ ಮೊಳಕೆ ತೋರುವತನಕ ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಹರಡಿಕೊಂಡಿರಬೇಕು. ರಾಗಿಗೆ, ಕಾಯಿಗೆ, ದನಕ್ಕೆ ಎಡೆ ಬೇಕು. ಹಳೆಯ ತೊಟ್ಟಿಮನೆಗಳ ವಿಸ್ತಾರದಲ್ಲಿ ಮನುಷ್ಯರ ಪಾಲು ಚಿಕ್ಕದಿತ್ತು. ಪ್ರಶ್ನೆ ಇರುವುದು ಬೇರೆ ಕಡೆ: ಬೆಂಗಳೂರು ಸೇರಿದ ಮಕ್ಕಳಿಗೆಂದು ಮೇಲೆ ಕಟ್ಟಿಸಿ, ಯುಗಾದಿಗೊಮ್ಮೆ, ಊರ ಹಬ್ಬಕ್ಕೊಮ್ಮೆ ಬೀಗ ತೆಗೆದು ಧೂಳು ಹೊಡೆಯುವ ಮಹಡಿಯಲ್ಲಿ. ಸಮಂತಭದ್ರರು ಹೇಳುವ ಕಾರಣವಿಲ್ಲದ ಅಗೆತಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಾಣದು. ಮಕ್ಕಳ ಮೇಲಿನ ಪ್ರೀತಿ ಕಾರಣವಲ್ಲವೇ ಎನ್ನಬಹುದು. ಹೌದು, ಕಾರಣವೇ. ಆ ಪ್ರೀತಿಗೆ ಕಾಂಕ್ರೀಟಿನದೇ ರೂಪ ಬೇಕೆ ಎಂಬುದಷ್ಟೇ ಮಾತು.

ಅಪರಿಗ್ರಹ ಹೇಳುವವರೇ 58 ಅಡಿಯ ಕಲ್ಲನ್ನು ನಿಲ್ಲಿಸಿದ್ದಾರಲ್ಲ ಎಂದು ಕೇಳುವವರೂ ಇದ್ದಾರೆ. ಕ್ರಿ.ಶ. 981ರಲ್ಲಿ ಗೊಮ್ಮಟನನ್ನು ಕಡೆಸಿದ ಚಾವುಂಡರಾಯ ಗಂಗರ ಮಂತ್ರಿ, ದಂಡನಾಯಕ, ಗೃಹಸ್ಥ. ಅವನು ಕೊಟ್ಟದ್ದು ತನಗಾಗಿ ಇಟ್ಟುಕೊಂಡದ್ದಲ್ಲ ಎಂಬುದು ಸುಲಭದ ಉತ್ತರ. ಅದರಿಂದ ನನಗೆ ಪೂರ್ತಿ ಸಮಾಧಾನವಿಲ್ಲ. ದಾನದ ಹೆಸರಿನಲ್ಲೂ ಹಿರಿಮೆಯ ಮೂರ್ಛೆ ಬೆಳೆಯುತ್ತದೆ. ಇನ್ನು, ಮೋಕ್ಷಕ್ಕಾಗಿ ಹೇಳಿದ ವ್ರತವನ್ನು ಹವಾಮಾನದ ಲೆಕ್ಕಕ್ಕೆ ಎಳೆಯುವುದು ತಪ್ಪು ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ಗುರಿ ಬೇರೆ ಎಂಬುದು ನಿಜ. ಆತ್ಮಕ್ಕೆ ಅಂಟುವ ಕರ್ಮವನ್ನು ಗಿಗಾಜೂಲಿನಲ್ಲಿ ಬರೆಯಲಾಗದು. ಆದರೆ ದರ ಬಿಟ್ಟು ಮೊತ್ತ ಹಿಡಿಯಬೇಕು, ಮಾಡಿಸಿದ್ದನ್ನೂ ಮಾಡಿದ್ದರ ಜೊತೆ ಕೂಡಬೇಕು ಎಂಬ ಎರಡು ವಿವೇಕಗಳನ್ನು ಎರವಲು ಪಡೆಯಲು ಮೋಕ್ಷದಲ್ಲಿ ನಂಬಿಕೆ ಇರಲೇಬೇಕೆಂದಿಲ್ಲ.

ಮನೆಗೆ ಹೊರಗಿನ ಅಳತೆಯನ್ನು ಯಾರೂ ಒಪ್ಪುವುದಿಲ್ಲ ಎಂಬ ನಿರಾಶೆಯನ್ನೂ ನಾನು ನಂಬುವುದಿಲ್ಲ. ವಾಸ್ತುಶಾಸ್ತ್ರದ ಆಯ ಕೂಡಿಬರಲಿಲ್ಲವೆಂದು ನಾಲ್ಕು ಇಂಚು ಗೋಡೆ ಹಿಂದಕ್ಕೆ ಸರಿಸುವವರು ನಮ್ಮಲ್ಲಿ ಕಡಿಮೆಯೇ? ಎಂಟರಿಂದ ಭಾಗಿಸಿ ಉಳಿದ ಶೇಷದಲ್ಲಿ ಧ್ವಜಾಯವೋ ವೃಷಭಾಯವೋ ಬರಲೆಂದು, ಎಂಜಿನಿಯರನ ನಕ್ಷೆಯನ್ನೇ ತಿದ್ದಿಸುತ್ತಾರೆ. ಆಸೆಗಿಂತ ಅಂಕಿ ದೊಡ್ಡದು ಎಂದು ಮನೆ ಕಟ್ಟುವವನು ಒಪ್ಪಿಯೇ ಇದ್ದಾನೆ. ತೊಡಕೆಂದರೆ ಆ ಲೆಕ್ಕಕ್ಕೆ ಶೇಷ ಮಾತ್ರ ಬೇಕು, ಮನೆ ಎಷ್ಟು ದೊಡ್ಡದಾದರೂ ಅಡ್ಡಿಯಿಲ್ಲ. ಪರಿಮಾಣದ ವ್ರತಕ್ಕೆ ಅಂಥ ಕಿಂಡಿ ಇರಲಿಲ್ಲವೇ ಎಂದರೆ, ಇತ್ತು. ಅದನ್ನು ಹುಡುಕಿದವರೂ ಇದ್ದರು. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ವ್ರತಭಂಗದ ಉಪಾಯಗಳನ್ನು ಹೆಸರಿಸುವಾಗ ಜೋಡಿಸುವಿಕೆಯನ್ನೂ ಸೇರಿಸಿದ್ದಾರೆ: ಒಂದೇ ಮನೆಯೆಂದು ವ್ರತ ಹಿಡಿದವನು ಪಕ್ಕದ ಮನೆಯನ್ನು ಕೊಂಡು, ನಡುವಣ ಗೋಡೆ ಕೆಡವಿ, ಈಗಲೂ ನನಗಿರುವುದು ಒಂದೇ ಮನೆ ಎನ್ನುವುದು. ಇವತ್ತಿನ ಜಾಣ ಗೋಡೆ ಕೆಡವುವ ಬದಲು ಮೇಲೊಂದು ಮೋಲ್ಡ್ ಹಾಕಿಸಿ, ಚದರ ಮೀಟರಿಗೆ ಇಷ್ಟೇ ಯೂನಿಟ್ಟು ಎಂದು ಬರೆದ ಕಾಗದ ತೋರಿಸುತ್ತಾನೆ.