ಪ್ರಹ್ಲಾದರಾಜರ ಹಬ್ಬಕ್ಕೆ ಬಾಗಿಲು ತೆರೆಯೋಣ



ಫಾಲ್ಗುಣ ಮಾಸವು ನಮಗೆ ಗುರುಸ್ಮರಣೆಯ ಮಾಸ. ಶುದ್ಧ ಬಿದಿಗೆಯು ಶ್ರೀರಾಘವೇಂದ್ರತೀರ್ಥರ ಪಟ್ಟಾಭಿಷೇಕದ ದಿನ. ಸಪ್ತಮಿಯು ಅವರ ವರ್ಧಂತಿ. ಬಹುಳ ತದಿಗೆಯಂದು ಸೋದೆಯ ಶ್ರೀವಾದಿರಾಜತೀರ್ಥರ ಆರಾಧನೆ. ಚತುರ್ಥಿಯಂದು ಆನೆಗೊಂದಿಯ ನವವೃಂದಾವನದಲ್ಲಿ ನೆಲೆಸಿದ ಶ್ರೀವ್ಯಾಸರಾಜತೀರ್ಥರ ಆರಾಧನೆ. ರಾಯರೂ ವ್ಯಾಸರಾಜರೂ ಪ್ರಹ್ಲಾದರಾಜರ ಅವತಾರವೆಂಬುದು ನಮ್ಮ ಸಂಪ್ರದಾಯದ ದೃಢವಾದ ನಂಬಿಕೆ. ರಾಯರ ವರ್ಧಂತಿಗೂ ವ್ಯಾಸರಾಜರ ಆರಾಧನೆಗೂ ನಡುವೆ, ಹುಣ್ಣಿಮೆಯಂದು, ಪ್ರಹ್ಲಾದರಾಜರನ್ನು ನೆನೆಯಿಸುವ ಹೋಳಿ ಹಬ್ಬವು ಬರುತ್ತದೆ. ಆ ಒಂದು ದಿನ ಮಾತ್ರ ನಮ್ಮಲ್ಲಿ ಅನೇಕರು ಮನೆಯ ಬಾಗಿಲನ್ನು ಮುಚ್ಚಿಕೊಂಡು ಕುಳಿತಿರುತ್ತೇವೆ.

ಬೆಂಗಳೂರಿನ ಒಂದು ಬಡಾವಣೆಯಲ್ಲಿ ಪ್ರಹ್ಲಾದಚರಿತೆಯ ಪ್ರವಚನವು ಮುಗಿದು ಮಂಗಳಾರತಿಯಾದ ಮೇಲೆ, ತಾಯಿಯೊಬ್ಬರು ನಮ್ಮ ಬಳಿಗೆ ಬಂದರು. “ಆಚಾರ್ಯರೇ, ಹೋಳಿ ಅಂದರೆ ನಮ್ಮನೇಲಿ ಚಿಲಕ ಹಾಕಿಕೊಳ್ಳೋ ದಿನ. ನಮ್ಮ ಹುಡುಗಿ ಕೇಳ್ತಾಳೆ, ಪ್ರಹ್ಲಾದನ ಹಬ್ಬಕ್ಕೆ ನಾವ್ಯಾಕಮ್ಮ ಒಳಗೆ ಕೂತಿರಬೇಕು ಅಂತ. ಏನು ಹೇಳಲಿ?” ಎಂದರು. ಆ ಕ್ಷಣಕ್ಕೆ ನಮಗೆ ಉತ್ತರವು ತೋಚಲಿಲ್ಲ. ಗಂಟೆಗಟ್ಟಲೆ ಪ್ರಹ್ಲಾದರ ನಿರ್ಭಯತೆಯನ್ನು ವರ್ಣಿಸಿದ ನಾವು ಒಂದು ಮಗುವಿನ ಪ್ರಶ್ನೆಗೆ ನಿರುತ್ತರರಾದೆವು. ಅಂದಿನಿಂದ ಚಿಂತಿಸಿದುದನ್ನು ಇಲ್ಲಿ ವಾಚಕರ ಮುಂದಿಡುತ್ತೇವೆ.

ಆ ತಾಯಿಯ ಭಯವು ನಿರಾಧಾರವಾದುದಲ್ಲ. ಮಹಾನಗರದ ಬೀದಿಯಲ್ಲಿ ಹೋಳಿಯ ಹೆಸರಿನಿಂದ ನಡೆಯುವುದರಲ್ಲಿ ಹಬ್ಬವೆಷ್ಟು, ಉಪದ್ರವವೆಷ್ಟು ಎಂಬುದು ಎಲ್ಲರಿಗೂ ತಿಳಿದಿದೆ. ಪಾನಮತ್ತರ ಗುಂಪುಗಳು ದಾರಿಹೋಕರನ್ನು ಅಡ್ಡಗಟ್ಟುತ್ತವೆ; ಹೆಣ್ಣುಮಕ್ಕಳು ಬೇಡವೆಂದರೂ ಬಣ್ಣದ ನೆಪದಲ್ಲಿ ಅವರ ಮೈಮುಟ್ಟುವ ದುರುಳರಿದ್ದಾರೆ. 2012ರಲ್ಲಿ ಮುಂಬಯಿಯ ಧಾರಾವಿಯಲ್ಲಿ ಹೋಳಿಯ ಬಣ್ಣದ ವಿಷದಿಂದ ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಅವರಲ್ಲಿ ಬಹುಪಾಲು ಮಕ್ಕಳೇ. 2024ರ ಬೇಸಿಗೆಯಲ್ಲಿ ಬೆಂಗಳೂರು ನೀರಿಲ್ಲದೆ ತತ್ತರಿಸುತ್ತಿದ್ದಾಗ, ಹೋಳಿಯ ‘ರೇನ್ ಡ್ಯಾನ್ಸ್’ ಕೂಟಗಳಿಗೆ ಕಾವೇರಿಯ ನೀರನ್ನಾಗಲಿ ಕೊಳವೆಬಾವಿಯ ನೀರನ್ನಾಗಲಿ ಬಳಸಕೂಡದೆಂದು ಜಲಮಂಡಳಿಯೇ ಹೇಳಬೇಕಾಯಿತು. ಸುಮಾರು ನೂರು ಕಿಲೋಮೀಟರು ದೂರದಿಂದ ಮೇಲೆತ್ತಿ ತಂದ ಕಾವೇರಿಯನ್ನು ವಿನೋದಕ್ಕಾಗಿ ಚೆಲ್ಲುವುದು ಯಾವ ಪುಣ್ಯಕಾರ್ಯ?

ಆದರೆ ನಾವು ಬಾಗಿಲು ಹಾಕಿಕೊಂಡುದರಿಂದ ಹಬ್ಬವು ನಿಂತಿತೇ? ಇಲ್ಲ. ಸಜ್ಜನರು ಬಿಟ್ಟುಹೋದ ಅಂಗಳವನ್ನು ದುರ್ಜನರು ತುಂಬಿದರು. ಗೃಹಸ್ಥರು ಹಿಂದೆಗೆದಷ್ಟೂ ಹಬ್ಬವು ಕೆಡುತ್ತದೆ. ಹಬ್ಬವು ಕೆಟ್ಟಷ್ಟೂ ಗೃಹಸ್ಥರು ಇನ್ನಷ್ಟು ಹಿಂದೆಗೆಯುತ್ತಾರೆ. ಈ ಚಕ್ರವನ್ನು ಎಲ್ಲಿಯಾದರೂ ನಿಲ್ಲಿಸಬೇಕಲ್ಲವೇ?

ಮೂಲತಃ ಈ ಹಬ್ಬ ಯಾರದು? ಭವಿಷ್ಯೋತ್ತರ ಪುರಾಣದಲ್ಲಿ ಒಂದು ಕಥೆಯುಂಟು. ರಘುಮಹಾರಾಜನ ರಾಜ್ಯದಲ್ಲಿ ಢುಂಢಾ ಎಂಬ ರಾಕ್ಷಸಿಯು ಮಕ್ಕಳನ್ನು ಪೀಡಿಸುತ್ತಿದ್ದಳು. ವರಬಲದಿಂದ ಅವಳಿಗೆ ಶಸ್ತ್ರಗಳ ಭಯವಿರಲಿಲ್ಲ. ಕುಣಿದಾಡುವ ಮಕ್ಕಳ ಭಯವೊಂದೇ ಇತ್ತು. ಆದುದರಿಂದ ಫಾಲ್ಗುಣದ ಹುಣ್ಣಿಮೆಯಂದು ಮಕ್ಕಳೆಲ್ಲರೂ ಸೌದೆ ಬೆರಣಿಗಳನ್ನು ಕೂಡಿಹಾಕಿ ಅಗ್ನಿಯನ್ನು ಹೊತ್ತಿಸಿ, ಮೂರು ಸುತ್ತು ಬಂದು, ಚಪ್ಪಾಳೆ ತಟ್ಟಿ, ಹಾಡಿ ನಕ್ಕು ಅವಳನ್ನು ಓಡಿಸಿದರು. ಮನಬಂದಂತೆ ಕೂಗಾಡುವ ಸ್ವಾತಂತ್ರ್ಯವೂ ಅಂದು ಅವರಿಗಿತ್ತು. ಆದರೆ ಆ ಕೂಗು ಮಕ್ಕಳನ್ನು ಕಾಡುವ ರಾಕ್ಷಸಿಯ ಮೇಲೆಯೇ ಹೊರತು ನೆರೆಮನೆಯವರ ಮೇಲಲ್ಲ ಎಂಬುದನ್ನು ಮರೆಯಬಾರದು. ಮಕ್ಕಳ ರಕ್ಷಣೆಗೆಂದು, ಮಕ್ಕಳಿಂದಲೇ ನಡೆದ ಹಬ್ಬವಿದು. ಅಂತಹ ದಿನದಂದು ಮಕ್ಕಳೇ ಹೆದರಿ ಒಳಗೆ ಕುಳಿತರೆ ಢುಂಢೆಯೇ ಗೆದ್ದಂತಾಯಿತು.

ಇನ್ನು ಪ್ರಹ್ಲಾದರಾಜರ ವಿಷಯ. ಸೋದರತ್ತೆ ಹೋಲಿಕೆಯು ಬಾಲಕನನ್ನು ತೊಡೆಯ ಮೇಲಿಟ್ಟುಕೊಂಡು ಬೆಂಕಿಯಲ್ಲಿ ಕುಳಿತ ಕಥೆಯು ಲೋಕಪ್ರಸಿದ್ಧವಾದುದು. ಶ್ರೀಮದ್ಭಾಗವತದ ಸಪ್ತಮಸ್ಕಂಧದಲ್ಲಿ ಅವಳ ಹೆಸರು ಬರುವುದಿಲ್ಲ. ಹಿರಣ್ಯಕಶಿಪುವು ಕೊಟ್ಟ ಅನೇಕ ಪೀಡೆಗಳಲ್ಲಿ ಅಗ್ನಿಯೂ ಒಂದೆಂದು ಮಾತ್ರ ಇದೆ. ಆದರೆ ಅಲ್ಲಿ ನಮಗೆ ಬೇಕಾದ ಎರಡು ಸಂಗತಿಗಳಿವೆ.

ಮೊದಲನೆಯದು: ಗುರುಗಳು ಮನೆಗೆಲಸಕ್ಕೆಂದು ಹೋಗಿದ್ದಾಗ ದೈತ್ಯಬಾಲಕರು ಆಟಕ್ಕೆ ಕರೆದರು. ಪ್ರಹ್ಲಾದರು ಅವರನ್ನು ದೂರ ಮಾಡಲಿಲ್ಲ. ಬಾಗಿಲು ಹಾಕಿಕೊಂಡು ಒಬ್ಬರೇ ಜಪಕ್ಕೆ ಕೂರಲಿಲ್ಲ. ಎಲ್ಲರನ್ನೂ ಬಳಿಗೆ ಕೂರಿಸಿಕೊಂಡು, ಬಾಲ್ಯದಲ್ಲಿಯೇ ಭಗವದ್ಧರ್ಮವನ್ನು ಆಚರಿಸಬೇಕೆಂದು ಪ್ರೀತಿಯಿಂದ ತಿಳಿಹೇಳಿದರು. ಆಟವಾಡಲು ಬಂದ ಮಕ್ಕಳು ಆಟವನ್ನು ಮರೆತು ಅವರ ಮುಖವನ್ನೇ ನೋಡುತ್ತ ಕುಳಿತರು.

ಎರಡನೆಯದು: ನರಸಿಂಹದೇವರು ವರವನ್ನು ಬೇಡೆಂದಾಗ ಆ ಬಾಲಕನು ಕೇಳಿದುದು, ತನ್ನ ಹೃದಯದಲ್ಲಿ ಕಾಮನೆಯೇ ಮೊಳೆಯದಿರಲಿ ಎಂಬುದನ್ನು. ಅನಂತರ ತನ್ನನ್ನು ಕೊಲ್ಲಹೊರಟ ತಂದೆಯು ಪರಿಶುದ್ಧನಾಗಲಿ ಎಂದು ಬೇಡಿದನು. ಕನ್ನಡ ನಾಡಿನ ಹಿರಿಯರು ಇದೇ ಹುಣ್ಣಿಮೆಯನ್ನು ಕಾಮನ ಹುಣ್ಣಿಮೆಯೆಂದು ಕರೆದು ಕಾಮನನ್ನು ಸುಡುತ್ತ ಬಂದಿದ್ದಾರೆ. ಪ್ರಹ್ಲಾದರು ಬೇಡಿದ ವರವನ್ನು ನೆನೆದರೆ ಕಾಮದಹನವೂ ಪ್ರಹ್ಲಾದಸ್ಮರಣೆಯೂ ಬೇರೆಯಲ್ಲವೆಂದು ತಿಳಿಯುತ್ತದೆ. ಸುಟ್ಟುಹೋದ ಮನ್ಮಥನಾದರೂ ಹಾಗೆಯೇ ನಾಶವಾಗಲಿಲ್ಲ. ದ್ವಾರಕೆಯಲ್ಲಿ ಶ್ರೀಕೃಷ್ಣ ರುಕ್ಮಿಣಿಯರ ಮಗನಾಗಿ, ಪ್ರದ್ಯುಮ್ನನಾಗಿ ಜನಿಸಿದನೆಂದು ಭಾಗವತದ ದಶಮಸ್ಕಂಧವು ಹೇಳುತ್ತದೆ. ಬೀದಿಯಲ್ಲಿ ಸುಟ್ಟು ಹೋಗಬೇಕಾದುದು ಮದ. ಭಗವಂತನ ಮನೆಗೆ ಮಗುವಾಗಿ ಬರಬೇಕಾದುದು ಸಂತೋಷ.

ಇಲ್ಲಿ ಕೆಲವರು ಒಂದು ಮಾತನ್ನು ಹೇಳುವುದುಂಟು: ಬಣ್ಣ ಬಿದ್ದ ಮೇಲೆ ಎಲ್ಲರೂ ಒಂದೇ, ಇನ್ನು ಸಂಕೋಚವೇಕೆ ಎಂದು. ಶ್ರೀಮದಾಚಾರ್ಯರ ಅನುಯಾಯಿಗಳಾದ ನಾವು ಇದನ್ನು ಒಪ್ಪಲಾರೆವು. ಜೀವಜೀವರಿಗೆ ಭೇದವು ಸತ್ಯ. ಒಬ್ಬನ ಸ್ವರೂಪವು ಮತ್ತೊಬ್ಬನದಲ್ಲ. ನಮಗೆ ಹರ್ಷವಾದುದು ಇನ್ನೊಬ್ಬರಿಗೆ ದುಃಖವಾಗಬಹುದು. ಮೇಲಾಗಿ ಪ್ರತಿಯೊಬ್ಬರ ಹೃದಯದಲ್ಲಿಯೂ ಬಿಂಬರೂಪಿಯಾದ ಶ್ರೀಹರಿಯು ನೆಲೆಸಿದ್ದಾನೆ. ಒಲ್ಲದವರ ಮೇಲೆ ಬಲಾತ್ಕಾರದಿಂದ ಬಣ್ಣ ಎರಚುವುದು ಆ ಬಿಂಬನ ಗುಡಿಗೆ ಮಾಡಿದ ಅಪಚಾರವಾಗುತ್ತದೆ. ಮಡಿಯಲ್ಲಿರುವ ಅಜ್ಜಿ, ಪರೀಕ್ಷೆಗೆ ಓದುತ್ತಿರುವ ಹುಡುಗ, ಕೆನ್ನೆ ಮುಟ್ಟಿಸಿಕೊಳ್ಳಲು ಇಷ್ಟಪಡದ ಮಗಳು, ಬೇಡವೆನ್ನಲು ಸಂಕೋಚಪಡುವ ಕಾವಲುಗಾರ, ಇವರೆಲ್ಲರ ‘ಬೇಡ’ಕ್ಕೂ ಬೆಲೆಯಿದೆ. ‘ಹೋಳಿಯಲ್ಲವೇ, ಬೇಸರಪಡಬೇಡಿ’ ಎಂಬ ಸಮಜಾಯಿಷಿಯು ದೇವರ ಮುಂದೆ ನಿಲ್ಲಲಾರದು.

ಹಾಗೆಂದು ಬಣ್ಣವು ನಮ್ಮ ಸಂಪ್ರದಾಯಕ್ಕೆ ಹೊರತಾದುದೇನೂ ಅಲ್ಲ. ಉಡುಪಿಯಲ್ಲಿ ಮಕರಸಂಕ್ರಾಂತಿಯ ಮಾರನೆಯ ದಿನ ಹಗಲು ರಥೋತ್ಸವದೊಡನೆ ಚೂರ್ಣೋತ್ಸವವು ನಡೆಯುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿದ ಓಕುಳಿಯನ್ನು ಕಾಣದ ಕನ್ನಡಿಗರಾರು? ಈ ಮಾಸದಲ್ಲಿ ಮುತ್ತುಗದ ಮರವು ಕೆಂಡದ ಹೂಗಳನ್ನು ಹೊತ್ತು ನಿಲ್ಲುತ್ತದೆ. ವಟುವಿನ ಕೈಗೆ ದಂಡವನ್ನೂ ಹೋಮಕ್ಕೆ ಸಮಿತ್ತನ್ನೂ ಊಟಕ್ಕೆ ಎಲೆಯನ್ನೂ ಕೊಡುವ ಆ ಮರವೇ ಹಬ್ಬಕ್ಕೆ ಬಣ್ಣವನ್ನೂ ಕೊಡುತ್ತದೆ. ಗ್ರಂಥಿಗೆ ಅಂಗಡಿಯಲ್ಲಿ ಒಣಹೂಗಳು ಸಿಕ್ಕರೆ ರಾತ್ರಿ ನೀರಿನಲ್ಲಿ ನೆನೆಹಾಕಿರಿ. ಬೆಳಗಾಗುವಷ್ಟರಲ್ಲಿ ಕೇಸರಿಹಳದಿಯ ಓಕುಳಿ ಸಿದ್ಧ. ಒಂದು ಕೊಡ ನೀರು ಒಂದು ಮನೆಯ ಮಕ್ಕಳಿಗೆ ಸಾಕು.

ಆದುದರಿಂದ ಈ ಹಬ್ಬವನ್ನು ಹೀಗೆ ಆಚರಿಸೋಣ. ಹುಣ್ಣಿಮೆಯ ಸಂಜೆ ಒಂದು ಓಣಿಯ ಅಥವಾ ಒಂದು ಅಪಾರ್ಟ್‌ಮೆಂಟಿನ ಮಕ್ಕಳೆಲ್ಲರೂ ಸೇರಲಿ. ಕನ್ನಡ, ತೆಲುಗು, ಮರಾಠಿ, ಹಿಂದಿ, ಯಾವ ಮಾತಿನವರಾದರೂ ಸರಿ. ಹಿರಿಯರೊಬ್ಬರು ಪ್ರಹ್ಲಾದಚರಿತೆಯನ್ನು ಹೇಳಲಿ. ತಂತಿ, ವಾಹನಗಳಿಂದ ದೂರದಲ್ಲಿ, ಹಸಿಮರವನ್ನು ಕಡಿಯದೆ, ಟೈರು ಪ್ಲಾಸ್ಟಿಕ್ಕುಗಳನ್ನು ಹಾಕದೆ, ಬೆರಣಿಯ ಚಿಕ್ಕ ಅಗ್ನಿಯನ್ನು ಹಿರಿಯರ ಕಣ್ಗಾವಲಿನಲ್ಲಿ ಮಾಡಲಿ. ಮಾರನೆಯ ಬೆಳಿಗ್ಗೆ ಮೊದಲು ದೇವರಿಗೆ ಪೂಜೆ, ಹಿರಿಯರಿಗೆ ನಮಸ್ಕಾರ. ಅನಂತರ ಅಂಗಳದಲ್ಲಿ ಓಕುಳಿ. ಎರಚುವ ಮೊದಲು ‘ಹಾಕಲೇ?’ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸೋಣ. ದೊಡ್ಡವರು ಅಲ್ಲಿಯೇ ಇರಲಿ. ಮದ್ಯವು ಆ ಅಂಗಳದ ಹತ್ತಿರಕ್ಕೂ ಬಾರದಿರಲಿ. ಮಧ್ಯಾಹ್ನ ಸ್ನಾನ ಮಾಡಿ, ನೈವೇದ್ಯವಾದ ಹೋಳಿಗೆಯನ್ನು ಎಲ್ಲರೂ ಒಟ್ಟಿಗೆ ಕುಳಿತು ಉಣ್ಣಲಿ. ಇದು ನಿತ್ಯಕರ್ಮದಂತೆ ಕಡ್ಡಾಯವಲ್ಲ; ಇಷ್ಟವಿಲ್ಲದವರು ಬಿಡಬಹುದು. ಆದರೆ ಭಯದಿಂದ ಬಿಡುವುದು ಬೇಡ.

ಆ ತಾಯಿಗೆ ನಾವು ಅಂದು ಕೊಡಲಾರದೆ ಹೋದ ಉತ್ತರವು ಇಷ್ಟೇ: ಅಮ್ಮಾ, ಮಗಳು ಕೇಳಿದುದು ಸರಿಯಾಗಿಯೇ ಇದೆ. ಅವಳನ್ನು ಒಳಗೆ ಕೂರಿಸಬೇಡಿ. ಅವಳೊಡನೆ ನೀವೂ ಹೊರಗೆ ಬನ್ನಿ, ನೆರೆಮನೆಯವರನ್ನೂ ಕರೆತನ್ನಿ. ಬೆಂಕಿಯ ನಡುವೆ ಬಾಲಕ ಪ್ರಹ್ಲಾದನನ್ನು ಕಾಪಾಡಿದ ಶ್ರೀಲಕ್ಷ್ಮೀನರಸಿಂಹದೇವರು ನಮ್ಮ ಮಹಾನಗರದ ಮಕ್ಕಳನ್ನೂ ಕಾಪಾಡಲಿ. ಕಾಯುವ ಆ ಕಾರ್ಯದಲ್ಲಿ ನಮ್ಮೆಲ್ಲರನ್ನೂ ಉಪಕರಣಗಳನ್ನಾಗಿ ಮಾಡಿಕೊಳ್ಳಲಿ ಎಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥