ಎಡೆ

ಕನ್ನಡದಲ್ಲಿ ‘ಎಡೆ’ ಎಂಬ ಮಾತಿಗೆ ಎರಡು ಅರ್ಥಗಳುಂಟು. ಎಡೆಯೆಂದರೆ ಸ್ಥಳ, ಅವಕಾಶ. ಎಡೆಯೆಂದರೆ ಎಲೆಯ ಮೇಲೆ ಬಡಿಸಿದ ಅನ್ನ, ದೇವರ ಮುಂದೆ ಇಟ್ಟ ನೈವೇದ್ಯ. ಕುಳಿತುಕೊಳ್ಳುವ ಜಾಗವನ್ನೂ ಉಣ್ಣುವ ಅನ್ನವನ್ನೂ ಒಂದೇ ಮಾತು ಹೇಳುತ್ತಿರುವುದು ಭಾಷೆಯ ಆಕಸ್ಮಿಕವೇ ಇರಬಹುದು. ಆದರೂ ವಿಚಾರಿಸುವವರಿಗೆ ಅದರಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿದೆ. ಅನ್ನವನ್ನು ಕೊಟ್ಟು ಜಾಗವನ್ನು ಕೊಡದವನು ಎಡೆಯಿಟ್ಟಂತಾಯಿತೆ? ಕೊಡುವುದರಿಂದಲೇ ಧರ್ಮವು ಪೂರ್ಣವಾಗುವುದೆ, ಅಥವಾ ಕೊಟ್ಟ ಮೇಲೆಯೂ ಮಾಡಬೇಕಾದುದು ಏನಾದರೂ ಉಳಿದಿರುವುದೆ?

ಈ ಪ್ರಶ್ನೆ ವರ್ಷದ ಕೊನೆಯ ದಿನಗಳಲ್ಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಹಳ್ಳಿಗಾಡಿನಲ್ಲಿ ಹಾದುಹೋಗುವವನ ಕಣ್ಣಿಗೆ ತಾನಾಗಿಯೇ ಬೀಳುತ್ತದೆ. ಬಹುಕಾಲ ಬಳ್ಳಾರಿ ಜಿಲ್ಲೆಗೆ ಸೇರಿದ್ದು, ೨೦೨೧ರಿಂದ ವಿಜಯನಗರ ಜಿಲ್ಲೆಯೆನಿಸಿಕೊಂಡ ಈ ಸೀಮೆಯಲ್ಲಿ ಆಗ ಮಾರ್ಗಶಿರದ ಚಳಿ. ಕೆಂಪುನೆಲದ ಹೊಲಗಳಲ್ಲಿ ಮುಂಗಾರಿ ಬೆಳೆ ಕೊಯ್ಲಾಗಿ ಕಣವನ್ನು ಸೇರಿರುತ್ತದೆ. ಎರೆಯ ಹೊಲಗಳಲ್ಲಿ ಹಿಂಗಾರಿ ಜೋಳವು ನಿಂತಿರುತ್ತದೆ, ಕಡಲೆ ಕುಸುಬೆಗಳು ಬೆಳೆಯುತ್ತಿರುತ್ತವೆ. ಒಂದು ಬೆಳೆ ಕೈಗೆ ಬಂದಿದೆ, ಇನ್ನೊಂದು ಬರುವುದೆಂಬ ಭರವಸೆ ಕಣ್ಣೆದುರಿಗಿದೆ. ರೈತನ ಮನಸ್ಸು ಕೊಡುವುದಕ್ಕೆ ಸಿದ್ಧವಾಗುವ ಕಾಲವಿದು. ಎಳ್ಳಮಾವಾಸ್ಯೆ ಬರುವುದು ಆಗಲೇ.

ಎಳ್ಳಮಾವಾಸ್ಯೆಯೆಂದರೆ ಮಾರ್ಗಶಿರ ಬಹುಳದ ಅಮಾವಾಸ್ಯೆ. ಚಾಂದ್ರಮಾನದ ಲೆಕ್ಕದಲ್ಲಿ ಅದು ಒಂದು ವರ್ಷ ಡಿಸೆಂಬರಿನಲ್ಲಿ ಬಂದರೆ ಇನ್ನೊಂದು ವರ್ಷ ಜನವರಿಗೆ ಸರಿಯುತ್ತದೆ. ೨೦೧೯ರಲ್ಲಿ ಡಿಸೆಂಬರ್ ೨೫ರಂದು ಕ್ರಿಸ್ತಜಯಂತಿಯ ಹಗಲಿನಲ್ಲಿಯೇ ಈ ಅಮಾವಾಸ್ಯೆಯ ತಿಥಿ ಮೊದಲಾಯಿತು. ಮರುದಿನ ಬೆಳಿಗ್ಗೆ ಸೂರ್ಯಗ್ರಹಣವಾಯಿತು. ಹಬ್ಬದ ದಿನ ಮನೆಯವರೆಲ್ಲರೂ ಹೋಳಿಗೆ, ಕಡುಬು, ಸಜ್ಜೆಯ ರೊಟ್ಟಿ, ಪಲ್ಯ, ಬುತ್ತಿಗಳನ್ನು ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಐದು ಕಲ್ಲುಗಳನ್ನು ಆರಿಸಿ, ಸುಣ್ಣ ಬಳಿದು, ಪಾಂಡವರೆಂದು ಕೂರಿಸಿ ಪೂಜಿಸುವ ವಾಡಿಕೆಯುಂಟು. ಪೂಜೆಯಾದ ಮೇಲೆ ಒಬ್ಬನು ಅಡಿಗೆಯನ್ನೆಲ್ಲ ಕಲಸಿದ ಪಾತ್ರೆಯನ್ನು ಹಿಡಿದು, ಕೂಗು ಹಾಕುತ್ತ, ಹೊಲದ ನಾಲ್ಕೂ ಅಂಚುಗಳಲ್ಲಿ ಅದನ್ನು ಎರಚುತ್ತ ಸುತ್ತುತ್ತಾನೆ. ಇದೇ ಚರಗ. ಆಮೇಲೆಯೇ ಊಟ.

ಚರಗದ ಅನ್ನ ಯಾರಿಗೆ? ಭೂಮಿತಾಯಿಗೆ ಎನ್ನುತ್ತಾರೆ. ತಿನ್ನುವುದು ಹಕ್ಕಿ, ಇಲಿ, ಇರುವೆ, ಹುಳುಗಳು. ಇವುಗಳಲ್ಲಿ ಯಾವುದೂ ಬೇಡಲಿಲ್ಲ. ತಿಂದ ಮೇಲೆ ಯಾವುದೂ ಕೈಮುಗಿಯುವುದಿಲ್ಲ. ಅಷ್ಟೇ ಅಲ್ಲ, ನಾಳೆ ಇದೇ ಹಕ್ಕಿ ಜೋಳದ ತೆನೆಗೆ ಬಾಯಿ ಹಾಕುವುದು. ರೈತನ ಮಗನು ಕವಣೆ ಹಿಡಿದು ಅಟ್ಟಣೆಯ ಮೇಲೆ ಕಾವಲಿರುವನು. ಆ ಮಾತು ನಾಳಿನದು. ಇಂದು ಮಾತ್ರ, ಬೆಳೆದುದೆಲ್ಲವೂ ತನ್ನದಲ್ಲವೆಂದು ರೈತನು ತನ್ನ ಬಾಯಿಂದ ಹೇಳದೆಯೇ ಒಪ್ಪಿಕೊಳ್ಳುತ್ತಾನೆ. ದಾನಗಳಲ್ಲಿ ಇದಕ್ಕಿಂತ ನಿರ್ಮಲವಾದುದನ್ನು ಕಾಣುವುದು ಕಷ್ಟ.

ಆದರೆ ಇಲ್ಲಿಯೇ ಒಂದು ಸಂದೇಹ. ಕಾಣದ ಪ್ರಾಣಿಗೆ ಅನ್ನವನ್ನೆರಚುವುದು ಸುಲಭ. ಕಾಣುವ ಮನುಷ್ಯನಿಗೆ ಪಕ್ಕದಲ್ಲಿ ಜಾಗ ಬಿಡುವುದು ಅಷ್ಟು ಸುಲಭವಲ್ಲ. ಹಿಂದಿನ ಕಾಲದ ಕಣವನ್ನು ನೆನೆಯಬೇಕು. ರಾಶಿಯ ಪೂಜೆಯಾಗಿ ಅಳೆಯುವ ಹೊತ್ತಿಗೆ ಬಡಿಗ, ಕಮ್ಮಾರ, ಕುಂಬಾರ, ಅಗಸ, ನಾವಿದ, ತಳವಾರ ಮೊದಲಾದ ಆಯಗಾರರು ಬಂದು ತಮ್ಮ ತಮ್ಮ ಆಯವನ್ನು ಪಡೆಯುತ್ತಿದ್ದರು. ಅದು ಭಿಕ್ಷೆಯಲ್ಲ, ಹಕ್ಕು. ಒಂದು ಊರಿನ ಬೆಳೆಯಲ್ಲಿ ಊರಿನವರೆಲ್ಲರಿಗೂ ಪಾಲುಂಟೆಂಬ ಆ ಏರ್ಪಾಡನ್ನು ಮೆಚ್ಚಿ ಬರೆದವರು ಹಲವರು; ಮೆಚ್ಚಬೇಕಾದ ಅಂಶವೂ ಅದರಲ್ಲಿ ಇತ್ತು. ಆದರೆ ಹೊಲೆಮಾದಿಗರ ಕೇರಿಯಿಂದ ಬಂದವನು ಎಲ್ಲಿ ನಿಲ್ಲುತ್ತಿದ್ದನು? ಕಣದ ಅಂಚಿನಲ್ಲಿ. ಅವನ ಸೆರಗಿಗೆ ಕಾಳು ಮೇಲಿನಿಂದ ಬೀಳುತ್ತಿತ್ತು. ಹೊಲಿದ ಮಿಣಿ, ಮಾಡಿದ ಮೆಟ್ಟು, ಬಡಿದ ಹಲಗೆ ಎಲ್ಲವೂ ಊರಿಗೆ ಬೇಕಾಗಿದ್ದುವು. ಅವನು ಮಾತ್ರ ಊರ ಹೊರಗೆ. ಅವನಿಗೆ ಎಡೆಯ ಒಂದು ಅರ್ಥವು ದೊರೆಯಿತು, ಇನ್ನೊಂದು ದೊರೆಯಲಿಲ್ಲ.

ಅನ್ನವೊಂದೇ ಸಾಲದೆಂಬುದನ್ನು ಈ ಸೀಮೆಯು ತನ್ನ ಅತ್ಯಂತ ಕೆಟ್ಟ ದಿನಗಳಲ್ಲಿಯೂ ಕಂಡಿದೆ. ೧೮೭೬–೭೮ರಲ್ಲಿ, ಧಾತು ಈಶ್ವರ ಸಂವತ್ಸರಗಳಲ್ಲಿ, ಬಿದ್ದ ಬರವು ಮದರಾಸು ಆಧಿಪತ್ಯದಲ್ಲಿ ಬಳ್ಳಾರಿ ಸೀಮೆಯನ್ನು ಬಹು ಕ್ರೂರವಾಗಿ ಬಾಧಿಸಿತು. ಜನರು ಊರುಗಳನ್ನು ಬಿಟ್ಟು ಪರಿಹಾರದ ಕಾಮಗಾರಿಗಳಲ್ಲಿ ಮಣ್ಣು ಹೊತ್ತರು. ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿಯು ಒಬ್ಬ ಗಂಡಾಳಿನ ದಿನದ ಕೂಲಿಯನ್ನು ಒಂದು ಪೌಂಡು ಧಾನ್ಯ, ಮೇಲೆ ಅಲ್ಪ ಕಾಸು ಎಂಬ ಮಟ್ಟಕ್ಕೆ ಇಳಿಸಿದನು. ಒಂದು ಪೌಂಡೆಂದರೆ ಈಗಿನ ಅರ್ಧ ಕಿಲೋಗ್ರಾಮಿಗೂ ಕಡಿಮೆ. ಅಲ್ಲಿ ಅನ್ನವಿತ್ತು, ಅದಕ್ಕೆ ತೂಕವಿತ್ತು. ತಿನ್ನುವವನು ಯಾವ ಊರಿನವನು, ಯಾರ ಮಗನು ಎಂದು ಕೇಳುವವರು ಇರಲಿಲ್ಲ. ಮನುಷ್ಯನನ್ನು ಹೊಟ್ಟೆಯೊಂದರಿಂದಲೇ ಅಳೆದಾಗ ಆ ಅಳತೆ ದಿನದಿನಕ್ಕೆ ಕಿರಿದಾಗುತ್ತ ಹೋಗುವುದು ಆಶ್ಚರ್ಯವಲ್ಲ.

ಎಡೆಯ ಎರಡನೆಯ ಅರ್ಥವನ್ನು ಬಿಡಿಸಿ ಹೇಳುವ ಕಥೆಯೊಂದು ಈ ಸೀಮೆಗೆ ಹೊರಗಿನಿಂದ ಬಂದಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದುದು ೧೮೧೦ರಲ್ಲಿ. ಬೈಬಲ್ ಗ್ರಂಥವನ್ನು ಕನ್ನಡಿಸುವ ದೀರ್ಘ ಶ್ರಮದಲ್ಲಿ ಅವನು ಮುಂದಾಳಾಗಿದ್ದನು. ನಿಘಂಟುಕಾರನೆಂದು ಕನ್ನಡಿಗರು ಬಲ್ಲ ವಿಲಿಯಂ ರೀವ್ ಅವನ ಜೊತೆಗಾರನು. ಈ ಐದು ತಾಲ್ಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಇಂದಿಗೂ ಬಹಳ ಅಲ್ಪ. ಆದರೂ ಡಿಸೆಂಬರ್ ಬಂದೊಡನೆ, ಅವರಿರುವ ಕಡೆ, ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳ ಸಿದ್ಧತೆ ನಡೆಯುತ್ತದೆ. ಬಿದಿರುಕಡ್ಡಿ ಬಣ್ಣದ ಕಾಗದಗಳ ನಕ್ಷತ್ರವು ಬಾಗಿಲಿಗೆ ಏರುತ್ತದೆ. ಹುಡುಗರು ಹಿರಿಯರು ಗುಂಪುಕಟ್ಟಿಕೊಂಡು ರಾತ್ರಿ ಮನೆಮನೆಗೂ ಹೋಗಿ ಕನ್ನಡದಲ್ಲಿ ಹಾಡುತ್ತಾರೆ. ಮನೆಯ ಮೂಲೆಯಲ್ಲಿ ಹುಲ್ಲು ಹಾಸಿ, ಮಣ್ಣಿನ ಹಸು ಕುರಿಗಳನ್ನಿಟ್ಟು ‘ಗೋದಲಿ’ಯನ್ನು ಕಟ್ಟುತ್ತಾರೆ.

ಗೋದಲಿಯೆಂಬ ಮಾತು ಕ್ರೈಸ್ತರದಲ್ಲ, ರೈತರದು. ದನವು ಮೇವು ತಿನ್ನುವ ಜಾಗಕ್ಕೆ ಆ ಹೆಸರು. ಶಿಶುವನ್ನು ಮಲಗಿಸಿದ ತೊಟ್ಟಿಗೆ ಕನ್ನಡದಲ್ಲಿ ಏನೆನ್ನಬೇಕೆಂಬ ಪ್ರಶ್ನೆಗೆ ದನದ ಮನೆಯೇ ಉತ್ತರವನ್ನು ಕೊಟ್ಟಿತು. ಕಥೆಯು ಸರಳವಾದುದು. ಚಕ್ರವರ್ತಿಯು ಜನಗಣನೆಗೆ ಆಜ್ಞಾಪಿಸುತ್ತಾನೆ. ದೂರದ ಊರಿನಲ್ಲಿ ಹೆಸರು ಬರೆಯಿಸಲು ಬಡಗಿಯೊಬ್ಬನು ತುಂಬುಗರ್ಭಿಣಿಯೊಡನೆ ಹೊರಡುತ್ತಾನೆ. ಅಲ್ಲಿ ಛತ್ರದಲ್ಲಿ ಎಡೆಯಿಲ್ಲ. ಹುಟ್ಟಿದ ಕೂಸು ಗೋದಲಿಯಲ್ಲಿ ಮಲಗುತ್ತದೆ. ಬಹುಕಾಲ ಇದನ್ನು ತಿರಸ್ಕಾರದ ಕಥೆಯೆಂದೇ ಓದಲಾಗಿದೆ: ಬಂದವರಿಗೆ ಬಾಗಿಲು ಮುಚ್ಚಿತು, ದನಗಳು ಮಾತ್ರ ಜಾಗ ಕೊಟ್ಟುವು.

ಈಗಿನ ವಿದ್ವಾಂಸರಲ್ಲಿ ಹಲವರು ಇನ್ನೊಂದು ಅರ್ಥವನ್ನು ಹೇಳುತ್ತಾರೆ. ಛತ್ರವೆಂದು ಭಾಷಾಂತರಿಸಿರುವ ಗ್ರೀಕ್ ಮಾತಿಗೆ ಮನೆಯ ಅತಿಥಿಕೋಣೆಯೆಂಬ ಅರ್ಥವೂ ಉಂಟು. ಪ್ಯಾಲೆಸ್ತೀನದ ಒಕ್ಕಲುಮನೆಗಳಲ್ಲಿ ಜನರು ವಾಸಿಸುವ ಕಟ್ಟೆ ಸ್ವಲ್ಪ ಎತ್ತರದಲ್ಲಿಯೂ, ರಾತ್ರಿ ದನಗಳನ್ನು ಕಟ್ಟುವ ಅಂಕಣ ಅದೇ ಮಾಡಿನ ಕೆಳಗೆ ತಗ್ಗಿನಲ್ಲಿಯೂ ಇದ್ದು, ಗೋದಲಿ ಮನೆಯ ಒಳಗೇ ಇರುತ್ತಿತ್ತು. ಹಾಗಾದರೆ ಅತಿಥಿಕೋಣೆ ತುಂಬಿದ್ದಾಗ ಮನೆಯವರು ಬಂದವರನ್ನು ಹೊರಗೆ ಕಳುಹಿಸಲಿಲ್ಲ. ತಾವು ಮಲಗುವೆಡೆಯಲ್ಲಿಯೇ ಒತ್ತರಿಸಿಕೊಂಡು ಜಾಗ ಮಾಡಿದರು. ಪಶ್ಚಿಮದ ನಗರವಾಸಿಗೆ ಇದನ್ನು ವಿವರಿಸಿ ಹೇಳಬೇಕಾಗುತ್ತದೆ. ಈ ಸೀಮೆಯ ಹಳೆಯ ಮನೆಯನ್ನು ಕಂಡವನಿಗೆ ವಿವರಣೆಯೇ ಬೇಡ. ತಲೆಬಾಗಿಲು ದಾಟಿದೊಡನೆ ದನಗಳ ಅಂಕಣ, ಅದರ ಪಕ್ಕದಲ್ಲಿ ಎರಡು ಮೆಟ್ಟಿಲು ಮೇಲೆ ಪಡಸಾಲೆ. ಮಲಗಿದವರ ಕಿವಿಗೆ ಎತ್ತುಗಳು ಮೆಲುಕುಹಾಕುವ ಸದ್ದು. ಬಂದ ನೆಂಟರು ಹೆಚ್ಚಾದರೆ ಗೋದಲಿಯ ಪಕ್ಕದಲ್ಲಿಯೇ ಕಂಬಳಿ ಹಾಸುತ್ತಿದ್ದರು.

ಈ ಎರಡು ಅರ್ಥಗಳ ನಡುವಣ ಅಂತರವು ಸಣ್ಣದಲ್ಲ. ಮೊದಲನೆಯದರಲ್ಲಿ ಎಡೆಯೆಂಬುದು ಮುಂಚೆಯೇ ಇರುವ ವಸ್ತು. ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಎರಡನೆಯದರಲ್ಲಿ ಎಡೆಯೆಂಬುದು ಮಾಡುವ ವಸ್ತು. ಇರುವವರು ಸರಿದು ಕುಳಿತಾಗ ಹುಟ್ಟುವುದು. ‘ಜಾಗವಿಲ್ಲ’ ಎಂಬ ಮಾತು ನೆಲದ ಅಳತೆಯನ್ನು ಹೇಳುವುದಕ್ಕಿಂತ ಹೆಚ್ಚಾಗಿ ಹೇಳುವವನ ಮನಸ್ಸಿನ ಅಳತೆಯನ್ನು ತಿಳಿಸುತ್ತದೆ.

ಕಾನೂನು ಈ ಎಡೆಯನ್ನು ಮಾಡಲೆತ್ನಿಸಿದೆ. ಈ ತಾಲ್ಲೂಕುಗಳು ಮದರಾಸಿನ ಆಡಳಿತದಲ್ಲಿದ್ದಾಗ, ೧೯೩೮ರ ಶಾಸನವು ಸಾರ್ವಜನಿಕ ಬಾವಿ ದಾರಿಗಳನ್ನು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆಯಿತು. ೧೯೪೭ರ ಶಾಸನವು ದೇವಾಲಯಗಳ ಬಾಗಿಲನ್ನು ತೆರೆಯಿತು. ೧೯೫೦ರ ಸಂವಿಧಾನವು ಅಸ್ಪೃಶ್ಯತೆಯನ್ನೇ ನಿಷೇಧಿಸಿತು. ಈ ಕೆಲಸಕ್ಕಾಗಿ ಊರೂರು ಸುತ್ತಿದ ಗಾಂಧೀಜಿಯವರ ಚಿತಾಭಸ್ಮದ ಸ್ಮಾರಕವು ಕೂಡ್ಲಿಗಿಯಲ್ಲಿಯೇ ಇದೆ. ಕಾನೂನು ಬಾಗಿಲನ್ನು ತೆರೆಯಬಲ್ಲುದು. ಅದು ಬಹು ದೊಡ್ಡ ಕೆಲಸ. ಒಳಗೆ ಕುಳಿತವರನ್ನು ಸ್ವಲ್ಪ ಸರಿದು ಕುಳಿತುಕೊಳ್ಳಿರೆಂದು ನಗುಮುಖದಿಂದ ಹೇಳಿಸುವ ಶಕ್ತಿ ಅದಕ್ಕಿಲ್ಲ. ಅದು ಮನೆಯವರ ಕೆಲಸ.

ಈ ಸೀಮೆಯ ಜನ ಎಡೆ ಕಳೆದುಕೊಂಡವರ ಪಾಡನ್ನು ಅರಿಯದವರಲ್ಲ. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ಹಿಂದೆ ನೀರು ನಿಂತಾಗ ನದಿಯ ಪಕ್ಕದ ಹಲವು ಹಳ್ಳಿಗಳು ಮುಳುಗಿದುವು. ಮನೆ, ಹೊಲ, ಗುಡಿಗಳನ್ನು ಬಿಟ್ಟವರು ಬಂಡಿಗಳಲ್ಲಿ ಸಾಮಾನು ಹೇರಿಕೊಂಡು ಬೇರೆ ಊರುಗಳಲ್ಲಿ ನೆಲೆ ಹುಡುಕಬೇಕಾಯಿತು. ಇಂದಿಗೂ ಸುಗ್ಗಿ ಮುಗಿಯುತ್ತಿದ್ದಂತೆ ಇಲ್ಲಿನ ತಾಂಡಾಗಳಿಂದಲೂ ಕೇರಿಗಳಿಂದಲೂ ಎಷ್ಟೋ ಸಂಸಾರಗಳು ಗುಳೆ ಹೊರಡುತ್ತವೆ. ಕಬ್ಬಿನ ಸೀಮೆಗೆ, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡಗಳಿಗೆ. ಚರಗ ಚೆಲ್ಲುವ ಕಾಲದಲ್ಲಿ ಆ ಮನೆಗಳ ಬಾಗಿಲಿಗೆ ಬೀಗ. ಮುದುಕರು ಉಳಿದಿರುತ್ತಾರೆ, ಕೂಸುಗಳು ಯಾರದೋ ಗದ್ದೆಯ ಅಂಚಿನ ಗುಡಿಸಲಿನಲ್ಲಿ ಕಬ್ಬಿನ ಸೋಗೆಯ ಮೇಲೆ ಮಲಗಿರುತ್ತವೆ. ಕೂಲಿ ಕೊಟ್ಟವನು ಕೊಡಬೇಕಾದುದನ್ನು ಕೊಟ್ಟೆನೆಂದುಕೊಳ್ಳುತ್ತಾನೆ. ಆ ಕೂಸಿಗೆ ಅಕ್ಷರ ಕಲಿಸುವ ಶಾಲೆ, ಅದರ ತಾಯಿಗೆ ಹೆರಿಗೆಯ ಕೋಣೆ ಯಾರ ಪಾಲಿನ ಎಡೆ ಎಂಬುದಕ್ಕೆ ಅವನ ಲೆಕ್ಕದಲ್ಲಿ ಅಂಕಣವಿಲ್ಲ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಎಲ್ಲರಿಗೂ ಪಕ್ಕದಲ್ಲಿ ಜಾಗ ಕೊಡುವುದು ಆಗದ ಮಾತು. ಮನುಷ್ಯನ ಮನೆಗೆ ಗೋಡೆಯುಂಟು, ಪಡಸಾಲೆಗೆ ಮಿತಿಯುಂಟು. ಕೈಲಾದಷ್ಟು ಕೊಟ್ಟರೆ ಸಾಲದೆ ಎಂದು. ಮಿತಿಯಿರುವುದು ನಿಜ. ಆದರೆ ಹೆಚ್ಚು ಕೊಡಬೇಕೆಂಬುದು ಇಲ್ಲಿನ ವಿಷಯವಲ್ಲ, ಹೇಗೆ ಕೊಡಬೇಕೆಂಬುದು. ಇದಕ್ಕೆ ಉತ್ತರವನ್ನು ಚರಗವೇ ಇಟ್ಟುಕೊಂಡಿದೆ. ರೈತನು ಹಕ್ಕಿಗೆ ಅನ್ನವನ್ನೆರಚುವಾಗ ಅದನ್ನು ಹೊಲದ ಹೊರಗೆ ನಿಲ್ಲಿಸುವುದಿಲ್ಲ. ಹೊಲದ ಒಳಗೇ, ಅದು ಇರುವೆಡೆಯಲ್ಲಿಯೇ, ಅನ್ನವನ್ನು ಕೊಂಡೊಯ್ದು ಹಾಕುತ್ತಾನೆ. ಹೊಲವು ಅದರದೂ ಹೌದೆಂದು ಒಪ್ಪಿದ ಮೇಲೆಯೇ ಕೊಡುತ್ತಾನೆ. ಆದುದರಿಂದಲೇ ಆ ಅನ್ನವು ಭಿಕ್ಷೆಯಾಗದೆ ಪಾಲಾಗುತ್ತದೆ, ತಿಂದ ಹಕ್ಕಿಯ ತಲೆ ಬಾಗುವುದಿಲ್ಲ. ಹಕ್ಕಿಗೆ ತೋರಿಸಿದ ಮರ್ಯಾದೆಯನ್ನು ಮನುಷ್ಯನಿಗೆ ತೋರಿಸುವುದಕ್ಕೆ ಪಡಸಾಲೆ ದೊಡ್ಡದಾಗಿರಬೇಕಾಗಿಲ್ಲ.

ಚರಗ ಮುಗಿದು, ಊಟವಾಗಿ, ಸಂಜೆ ಬಂಡಿಗಳು ಊರ ಕಡೆ ತಿರುಗುತ್ತವೆ. ಈಗ ಬಂಡಿಗಳಿಗಿಂತ ಟ್ರಾಕ್ಟರುಗಳೇ ಹೆಚ್ಚು. ಎತ್ತುಗಳು ಕಡಿಮೆಯಾಗಿ ಎಷ್ಟೋ ಮನೆಗಳಲ್ಲಿ ಗೋದಲಿ ಬರಿದಾಗಿದೆ, ಕೆಲವೆಡೆ ಅದನ್ನು ಕೆಡವಿ ಕೋಣೆ ಮಾಡಿದ್ದಾರೆ. ಮನೆಯೊಳಗೆ ಜಾಗವು ಹಿಂದಿಗಿಂತ ಹೆಚ್ಚಾಗಿದೆ. ಗುಳೆ ಹೋದವರು ಯುಗಾದಿಯ ಹೊತ್ತಿಗೆ ತಿರುಗಿ ಬರುತ್ತಾರೆ. ಅವರು ಬಂದ ದಿನ ಊರಿನ ಪಂಕ್ತಿಯಲ್ಲಿ ಒಂದು ಎಲೆ ಹೆಚ್ಚಾಗಿ ಹಾಕಿರುವುದೋ ಇಲ್ಲವೋ, ಹಾಕಿದ್ದರೆ ಅದು ಸಾಲಿನ ಒಳಗೋ ಹೊರಗೋ, ಎಂಬುದರ ಮೇಲೆ ಆ ವರ್ಷದ ಚರಗದ ಫಲವು ನಿಂತಿದೆ.