ಒಬ್ಬರಿಗಷ್ಟೇ ಕೇಳುವ ಸದ್ದು

ಕೃಷ್ಣೆಯ ದಂಡೆಯ ದಿಗ್ಗೇವಾಡಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಾಡಿನ ಅಬ್ಬರ ಅಡಗಿದ ಮೇಲೆ ಕೆಲವರ ಕಿವಿಯೊಳಗೆ ಬೇರೊಂದು ಸದ್ದು ಎದ್ದು ಕೂರುತ್ತದೆ. 'ಕಿವ್ಯಾಗ ಜೀರುಂಡಿ ಕುಂತಂಗ ಆಗೇತ್ರೀ' ಅನ್ನುತ್ತಾರೆ ಒಬ್ಬರು. ಇನ್ನೊಬ್ಬರಿಗೆ ಕುಕ್ಕರಿನ ಸೀಟಿ. ಪಕ್ಕದಲ್ಲಿ ಮಲಗಿದವರಿಗೆ ಏನೇನೂ ಇಲ್ಲ. ವೈದ್ಯರು ಇದನ್ನು ಟಿನಿಟಸ್ ಎನ್ನುತ್ತಾರೆ.

ಬೇರಾರಿಗೂ ಕೇಳದ ಸದ್ದನ್ನು ಅಳೆಯುವ ಬಗೆ ನನಗಂತೂ ಬೆರಗು. ಜ್ವರಕ್ಕೆ ಥರ್ಮಾಮೀಟರ್ ಇದೆ. ಇದಕ್ಕೆ ಬಹುಪಾಲು ರೋಗಿಯ ಮಾತೇ ಸಾಕ್ಷಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ, ಹೊರಗಿನ ಸದ್ದು ನುಸುಳದ ಕೋಣೆಯಲ್ಲಿ ಕೂರಿಸಿ, 250ರಿಂದ 8,000 ಹರ್ಟ್ಜ್‌ವರೆಗಿನ ಸ್ವರಗಳಲ್ಲಿ ಎಷ್ಟು ಮೆಲ್ಲಗಿನದು ಕೇಳಿಸುತ್ತದೆಂದು ಮೊದಲು ನೋಡುತ್ತಾರೆ. ಆಮೇಲೆ ಒಂದೊಂದೇ ಸ್ವರ ಬಿಟ್ಟು, 'ಹೀಗಿದೆಯಾ? ಇನ್ನೂ ಕೀರಲಾ?' ಎಂದು ಕೇಳುತ್ತ ಹೋಗಬೇಕು. 'ಹಾಂ, ಇದ ನೋಡ್ರೀ!' ಎಂದಾಗಲೇ ಯಂತ್ರಕ್ಕೆ ಗುರಿ ಸಿಕ್ಕುವುದು.

ಹಾಗೆ ಸಿಕ್ಕ ಸದ್ದು ಎಷ್ಟು ದೊಡ್ಡದು? ಎಷ್ಟೋ ಜನರಲ್ಲಿ ಕೇಳಿಸೀತು-ಕೇಳಿಸದು ಎಂಬ ಗೆರೆಗಿಂತ ಐದು-ಹತ್ತು ಡೆಸಿಬೆಲ್ ಮಾತ್ರ ಮೇಲೆ. ಅಷ್ಟೇ! ಅದೇ ನಿದ್ದೆ ಕೆಡಿಸುತ್ತದೆ, ಸಿಟ್ಟು ತರಿಸುತ್ತದೆ, ಎದುರಿನವರ ಮಾತು ತಲೆಗೆ ಹತ್ತದಂತೆ ಮಾಡುತ್ತದೆ. ಅದಕ್ಕೇ 1996ರಲ್ಲಿ 25 ಪ್ರಶ್ನೆಗಳ ಒಂದು ಪಟ್ಟಿ ಬಂತು. ಸಂಕಟಕ್ಕೆ ಸೊನ್ನೆಯಿಂದ ನೂರರವರೆಗೆ ಅಂಕ. ಯಂತ್ರದ ಲೆಕ್ಕಕ್ಕೂ ಈ ಅಂಕಕ್ಕೂ ತಾಳೆಯಾಗದಿರುವುದೇ ಹೆಚ್ಚು. ಎರಡರಲ್ಲಿ ಒಂದನ್ನು ನಂಬಬೇಕಾದರೆ ನಾನು ಅಂಕವನ್ನೇ ನಂಬುತ್ತೇನೆ.

1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಸಂಶೋಧಕರು ಕಿವಿ ಚೆನ್ನಾಗಿದ್ದ 80 ಜನರನ್ನು ನಿಶ್ಶಬ್ದ ಕೋಣೆಯಲ್ಲಿ ಕೂರಿಸಿದಾಗ ಹೆಚ್ಚುಕಡಿಮೆ ಎಲ್ಲರಿಗೂ ಏನೋ ಒಂದು ಸದ್ದು ಕೇಳಿಸಿತ್ತು. ಹಠಯೋಗದವರೂ ಒಳಗೆ ಕೇಳುವ ದುಂಬಿ, ಗಂಟೆ, ಕೊಳಲಿನ ನಾದಗಳನ್ನು ಹೆಸರಿಸಿದ್ದಾರೆ. ಅದೂ ಇದೂ ಒಂದೇ ಎನ್ನುವ ಧೈರ್ಯ ನನಗಿಲ್ಲ. ಒಳಗಿವಿಯ ಸೂಕ್ಷ್ಮ ಕೂದಲುಕೋಶಗಳು ಸೋತು ಹೊರಗಿನ ಸದ್ದು ಬರುವುದು ಕಡಿಮೆಯಾದಾಗ, ಮಿದುಳು ತಾನೇ ದನಿ ಏರಿಸಿಕೊಳ್ಳುತ್ತದೆ ಎಂಬುದು ಇಂದಿನ ಒಂದು ವಿವರಣೆ. ಶ್ರವಣದ ನರವನ್ನೇ ಕತ್ತರಿಸಿದ ಮೇಲೂ ಸದ್ದು ನಿಲ್ಲದವರಿದ್ದಾರೆ!

ಮನೆಯಲ್ಲಿ ಯಾರಾದರೂ ಹೀಗೆಂದರೆ 'ಏನೂ ಇಲ್ಲ, ನಿನ್ನ ಭ್ರಮೆ' ಎನ್ನಬೇಡಿ. ಸದ್ದು ಒಂದೇ ಕಿವಿಯಲ್ಲಿದ್ದರೆ ಅಥವಾ ನಾಡಿಯ ಬಡಿತದಂತೆ ಬಡಿಯುತ್ತಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ. ಕಿವಿ ದಿಢೀರನೆ ಮಂದವಾದರಂತೂ ಬಿಸಿ ಎಣ್ಣೆ ಬಿಟ್ಟು ಕಾಯದೆ ಅಂದೇ ಹೋಗಿ.